ಮೊಮ್ಮಗಳ ಕೈಗೆ ತುಂಡು ಕ್ರೇಯಾನ್ ಕೊಟ್ಟ ಊರು

ಜಪಾನಿಗೆ ಹೋಗಿ ಬಂದೆ ಎಂದರೆ ಸಾಕು, ಎಲ್ಲರೂ ಬುಲೆಟ್ ಟ್ರೈನು ಹೇಗಿತ್ತು ಅನ್ನುತ್ತಾರೆ. ನಾನು ಹತ್ತಲಿಲ್ಲ. ಆ ದೊಡ್ಡ ಬೆಟ್ಟ ನೋಡಿದ್ರಾ ಅನ್ನುತ್ತಾರೆ. ಮೋಡ ಮುಚ್ಚಿತ್ತು, ಕಾಣಲಿಲ್ಲ. ಚೆರ್ರಿ ಹೂವು ನೋಡಿದೆ. ನಮ್ಮ ರಸ್ತೆ ಬದಿಯ ಹೊಂಗೆ ಹೂವು ಉದುರುವ ಹಾಗೆಯೇ ಉದುರುತ್ತದೆ. ಅವರು ಅದರ ಕೆಳಗೆ ಚಾಪೆ ಹಾಸಿಕೊಂಡು ಊಟ ಮಾಡುತ್ತಾರೆ, ನಾವು ಸೈಕಲ್ ನಿಲ್ಲಿಸುತ್ತೇವೆ. ಇವನ್ನೆಲ್ಲ ಚೆನ್ನಾಗಿ ಬರೆಯಲು ಓದಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಓದಿದ್ದು ಮೂರನೇ ಕ್ಲಾಸು. ನಾನು ಗಮನ ಕೊಟ್ಟು ನೋಡಿದ್ದು ಒಂದು ಶಾಲೆ, ಆ ಶಾಲೆಯಲ್ಲಿ ಒಂದು ತಗಡಿನ ಡಬ್ಬಿ. ಅದನ್ನೇ ಬರೆಯುತ್ತೇನೆ. ಬೇರೆ ಬೇಕಾದವರು ಬೇರೆಯವರನ್ನು ಕೇಳಿಕೊಳ್ಳಲಿ.

ತುಮಕೂರು, ಹೊರಡುವ ಮೊದಲು

ನನ್ನ ಮಗ ಲೋಕೇಶ ಮೊದಲು ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿದ್ದ. ಈಗ ಇಲ್ಲೇ ಇರುವ ಜಪಾನಿನವರ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮೂರು ತಿಂಗಳು ಜಪಾನಿಗೇ ಬಂದು ಕೆಲಸ ಕಲಿತುಕೊಂಡು ಹೋಗು ಎಂದು ಅವರು ಕರೆದರು. ಮನೆಯವರನ್ನೂ ಕರೆತರಬಹುದು ಎಂದರು. ಮನೆಯವರು ಎಂದರೆ ಸೊಸೆ ಸವಿತ, ಮೊಮ್ಮಗಳು ಸಿರಿ, ಮತ್ತೆ ನಾನು.

ಆ ಹೊತ್ತಿಗೆ ಸಿರಿಯ ಶಾಲೆಯಲ್ಲಿ ಒಂದು ತಕರಾರು ಎದ್ದಿತ್ತು. ಯುಕೆಜಿ ಮುಗಿದಿದೆ, ಆರು ತುಂಬಿದೆ, ಬಾಯಲ್ಲಿ ಕಥೆ ಹೇಳು ಎಂದರೆ ನಿಲ್ಲಿಸುವುದೇ ಇಲ್ಲ. ಆದರೆ ಪೆನ್ಸಿಲ್ಲನ್ನು ಒನಕೆ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಎರಡು ಸಾಲು ಬರೆದರೆ ಕೈ ನೋವು ಎಂದು ಅಳುತ್ತಾಳೆ. ಹೆಡ್ ಮೇಡಂ ನಮ್ಮನ್ನು ಕರೆಸಿ, ಮಗುವಿಗೆ ಫೈನ್ ಮೋಟಾರ್ ಸ್ಕಿಲ್ಸ್ ಬಂದಿಲ್ಲ ಎಂದರು. ಬೆರಳುಗಳಲ್ಲಿ ಕಸುವಿಲ್ಲ, ಹಿಡಿತವಿಲ್ಲ ಎಂದು ಅರ್ಥವಂತೆ.

"ನೀವು ಜೂನ್‌ನಲ್ಲಿ ವಾಪಸ್ ಬಂದಾಗ ನಾಲ್ಕು ಗೆರೆ ಬುಕ್ಕಲ್ಲಿ ಬರೆಸಿ ನೋಡ್ತೀವಿ. ಬರೀಲಿಲ್ಲ ಅಂದ್ರೆ ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರ್ಲಿ ಅಜ್ಜಿ. ಅವಳ ಒಳ್ಳೇದಕ್ಕೇ ಹೇಳ್ತಿರೋದು," ಎಂದರು.

"ಜೊತೇಲಿದ್ದ ಮಕ್ಳೆಲ್ಲ ಮೇಲಕ್ಕೋಗ್ತವೆ, ಇವಳೊಬ್ಬಳು ಅದೇ ಬೆಂಚಲ್ಲಿ ಕೂರ್ಬೇಕಾ? ಅದೆಂಥಾ ಒಳ್ಳೇದು?" ಎಂದೆ.

ಸವಿತ ನನ್ನ ಸೆರಗು ಎಳೆದಳು. ಮೇಡಂ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಮಕ್ಕಳು ಬಣ್ಣ ಹಚ್ಚಿದ ಚಿತ್ರಗಳನ್ನು ಅಂಟಿಸಿದ್ದರು. "ಬಣ್ಣ ಹಚ್ಚೋದ್ರಲ್ಲಿ ಸಿರಿ ಎಷ್ಟು ನೀಟು ನೋಡಿ. ಬರವಣಿಗೆಗೆ ಮಾತ್ರ ಮನಸ್ಸಿಲ್ಲ."

ನಾನೂ ಸವಿತಳೂ ಮುಖ ಮುಖ ನೋಡಿಕೊಂಡೆವು. ಆ ಗೋಡೆಯ ನವಿಲಿಗೆ ಬಣ್ಣ ಹಚ್ಚಿದ್ದು ಸವಿತ, ಅಡುಗೆ ಮುಗಿಸಿ ಟಿವಿ ಮುಂದೆ ಕೂತು. ಸಿರಿ ಮಾಡಿದರೆ ಗೀಚಿ ಹಾಕುತ್ತಾಳೆ, ಸ್ಟಾರ್ ಸಿಗುವುದಿಲ್ಲ. ನಮ್ಮ ಬೀದಿಯಲ್ಲಿ ಎಲ್ಲ ತಾಯಂದಿರೂ ಹೀಗೇ ಮಾಡುವುದು. ಗೋಡೆಯ ತುಂಬ ಇದ್ದದ್ದು ತಾಯಂದಿರ ನವಿಲುಗಳೇ.

ಮತ್ತೆ ಯುಕೆಜಿಗೆ ನಾನು ಕಳಿಸುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ. ಹೇಗೆ ಎಂದು ಗೊತ್ತಿರಲಿಲ್ಲ.

ಕುಣಿಗಲ್

ಹೋಗುವ ಮುಂಚೆ ಕುಣಿಗಲ್ಲಿಗೆ ಹೋಗಿ ಮಗಳು ಮಂಗಳಳನ್ನು ನೋಡಿ ಬಂದೆ. ಅವಳು ಹುರಿಹಿಟ್ಟು, ಚಟ್ನಿಪುಡಿ, ರಾಗಿ ಹಿಟ್ಟು ಎಲ್ಲ ಕಟ್ಟಿಟ್ಟಿದ್ದಳು.

"ಅಲ್ಲಮ್ಮ, ಆ ದೇಶದ ಒಂದು ಮಾತೂ ನಿನಗೆ ಬರಲ್ಲ. ಅಲ್ಲೋಗಿ ಏನ್ ಮಾಡ್ತೀಯ?"

"ಕುಣಿಗಲ್ಲಲ್ಲಿ ಮಾತು ಬಂದು ನೀನೇನ್ ಕಡ್ದಿದ್ದೀಯ? ಅದನ್ನೇ ಅಲ್ಲಿ ಮಾತಿಲ್ಲದೆ ಮಾಡ್ತೀನಿ ಬುಡು," ಎಂದೆ.

ಅವಳು ನಗುತ್ತಾ ಇನ್ನೊಂದು ಪೊಟ್ಟಣ ಹುರಿಗಡಲೆ ತುರುಕಿದಳು. ನಾನು ಗುಬ್ಬಿಯ ನಮ್ಮ ತೋಟದ ತೆಂಗಿನಕಾಯಿಗಳನ್ನು ಸುಲಿಸಿ, ಜುಟ್ಟು ಬಿಟ್ಟು, ಸೀರೆಯೊಳಗೆ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಟ್ಟಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ವಿಮಾನ ಇಳಿದ ಕಡೆ

ತೆಂಗಿನಕಾಯಿ ಸಿಕ್ಕಿಬಿತ್ತು. ಬಿಳಿ ಕೈಗವಸು ಹಾಕಿಕೊಂಡ ಹುಡುಗನೊಬ್ಬ ಅದನ್ನು ಕೂಸನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ. ಹಣ್ಣು ಕಾಯಿ ಏನೇ ತಂದರೂ ಅದಕ್ಕೆ ಸರ್ಕಾರದ ಕಾಗದ ಬೇಕಂತೆ. ಲೋಕೇಶನ ಮುಖ ಕೆಂಪಾಯಿತು.

"ಅಮ್ಮ, ಕಾಯಿ ಯಾಕ್ ತಂದೆ? ಹೇಳ್ಬಾರ್ದಾ?"

"ಹೇಳಿದ್ರೆ ತರಕ್ ಬುಡ್ತಿದ್ಯಾ? ಅವನಿಗೆ ಹೇಳು, ಇಲ್ಲೇ ಒಡ್ದು ತಿಂದು ಹೋಗ್ತೀನಿ. ಕತ್ತಿ ಕೊಡಕ್ಕೇಳು."

ಲೋಕೇಶ ಅದನ್ನು ಹೇಳಲಿಲ್ಲ. ಆ ಹುಡುಗ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಮತ್ತೆ ಬಗ್ಗಿ, ಕಾಯಿಗಳನ್ನು ಒಳಗೆ ತೆಗೆದುಕೊಂಡು ಹೋದ. ನಮ್ಮಲ್ಲಾದರೆ ಬೈದು ಕಿತ್ತುಕೊಳ್ಳುತ್ತಾರೆ, ಅಲ್ಲಿ ಬಗ್ಗಿ ಕಿತ್ತುಕೊಳ್ಳುತ್ತಾರೆ. ಕಾಯಿ ಮಾತ್ರ ಎರಡೂ ಕಡೆ ಹೋಗುತ್ತದೆ.

ಶಾಲೆಗೆ ಹೋಗುವ ದಾರಿ

ನಾವಿದ್ದದ್ದು ಸಣ್ಣ ಊರು. ನಮ್ಮ ಗುಬ್ಬಿ ಹತ್ತಿರದ ನಿಟ್ಟೂರಿನ ಹಾಗೆ ಪಕ್ಕದಲ್ಲೇ ರೈಲು ಹಳಿ, ಸುತ್ತ ಗದ್ದೆ, ಗದ್ದೆಯ ನಡುವೆ ಫ್ಯಾಕ್ಟರಿ. ಹಳಿಯ ಪಕ್ಕದಲ್ಲಿ ಒಬ್ಬರೂ ಚೆಂಬು ಹಿಡಿದುಕೊಂಡು ಕೂತಿರಲಿಲ್ಲ ಎನ್ನುವುದೇ ವ್ಯತ್ಯಾಸ. ಸಿರಿಯನ್ನು ಅಲ್ಲಿಯ ಸರ್ಕಾರಿ ಶಾಲೆಯ ಒಂದನೇ ಕ್ಲಾಸಿಗೆ ಸೇರಿಸಿಕೊಂಡರು. ಅವರಿಗೆ ಏಪ್ರಿಲ್‌ನಲ್ಲಿ ಶಾಲೆ ಶುರು, ಹಾಗಾಗಿ ಎಲ್ಲ ಮಕ್ಕಳೂ ಹೊಸಬರೇ.

ಹಳದಿ ಟೋಪಿ ಹಾಕಿಕೊಂಡು ಮಕ್ಕಳು ಸಾಲಾಗಿ ತಾವೇ ನಡೆದು ಹೋಗುತ್ತವೆ. ಆಟೋ ಇಲ್ಲ, ವ್ಯಾನಿಲ್ಲ, ಜೊತೆಗೆ ಅಪ್ಪ ಅಮ್ಮ ಇಲ್ಲ. ನನಗೆ ನಂಬಿಕೆ ಬರಲಿಲ್ಲ. ಮೊದಲ ದಿನ ಮರೆಯಲ್ಲಿ ಹಿಂದೆ ಹೋದೆ. ರಸ್ತೆ ದಾಟುವ ಕಡೆ ಹಳದಿ ಬಾವುಟ ಹಿಡಿದ ಮುದುಕನೊಬ್ಬ ಕಾರುಗಳನ್ನು ನಿಲ್ಲಿಸುತ್ತಿದ್ದ. ಅವನು ನನಗೆ ಬಗ್ಗಿ ನಮಸ್ಕಾರ ಮಾಡಿದ. ನಾನೂ ಬಗ್ಗಿದೆ. ಅವನು ಮತ್ತೆ ಬಗ್ಗಿದ. ಮೊದಲು ನಿಲ್ಲಿಸಿದವರು ಸೋತ ಹಾಗೆ ಅಂದುಕೊಂಡು ನಾನೂ ಮತ್ತೆ ಬಗ್ಗಿದೆ. ಕಾರುಗಳು ಕಾಯುತ್ತಿದ್ದವು. ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ತುಮಕೂರು ಬಸ್‌ಸ್ಟ್ಯಾಂಡಿನ ಮುಂದೆ ಹೀಗೆ ಮಾಡಿದ್ದರೆ ಇಬ್ಬರ ತಿಥಿಯೂ ಒಂದೇ ದಿನ ಬರುತ್ತಿತ್ತು.

ಒಂದು ವಾರಕ್ಕೆ ಸಿರಿ ಮನೆಗೆ ಬಂದು, ನಾನು ನೆಲ ಒರೆಸಿದೆ ಎಂದಳು. ಆ ಶಾಲೆಯಲ್ಲಿ ಮಕ್ಕಳೇ ಬಟ್ಟೆ ನೆನೆಸಿ, ಹಿಂಡಿ, ಕ್ಲಾಸನ್ನು ಒರೆಸುವುದು. ಸವಿತ ಅಳಲು ಶುರು ಮಾಡಿದಳು.

"ಅತ್ತೆ, ಮಗಳನ್ನ ನೆಲ ಒರೆಸೋಕಾ ನಾವಿಲ್ಲಿಗೆ ಕರ್ಕೊಂಡ್ ಬಂದಿದ್ದು?"

"ನೀನು ಒರೆಸಲ್ವಾ? ನಾನು ಒರೆಸಿಲ್ವಾ? ಸುಮ್ನಿರು," ಎಂದೆ. ಆದರೆ ಸಿರಿಗೆ ಬಟ್ಟೆ ಹಿಂಡಲು ಆಗಲಿಲ್ಲವಂತೆ. ನೀರೆಲ್ಲ ಹಾಗೇ ಸುರಿಯಿತಂತೆ, ಪಕ್ಕದ ಹುಡುಗಿ ಹಿಂಡಿ ಕೊಟ್ಟಳಂತೆ. ಅದು ಮಾತ್ರ ನನಗೆ ಚುಚ್ಚಿತು.

ತಗಡಿನ ಡಬ್ಬಿ

ಮನೆಯವರು ಬಂದು ಪಾಠ ನೋಡುವ ದಿನ ಎಂದು ಒಂದಿದೆ. ತಾಯಂದಿರೆಲ್ಲ ಕ್ಲಾಸಿನ ಹಿಂದೆ ಗೋಡೆಗೆ ಒರಗಿ ಸದ್ದಿಲ್ಲದೆ ನಿಲ್ಲುತ್ತಾರೆ. ನಾನೂ ಸವಿತಳೂ ನಿಂತೆವು. ಟೀಚರ್ ಹೆಸರು ಹಯಾಶಿ. ಸಣ್ಣ ಹೆಂಗಸು, ಓಡಾಡಿದರೆ ಸದ್ದೇ ಇಲ್ಲ. ಒಂದೊಂದು ಹೂವಿನ ಚಿತ್ರ ಕೊಟ್ಟು ಬಣ್ಣ ಹಚ್ಚಲು ಹೇಳಿದರು.

ಮಕ್ಕಳೆಲ್ಲ ಹೊಸ ಕ್ರೇಯಾನ್ ಪೆಟ್ಟಿಗೆ ತೆಗೆದರು. ಒಂದೊಂದು ಕಡ್ಡಿಗೂ ಮಗುವಿನ ಹೆಸರಿನ ಚೀಟಿ ಅಂಟಿಸಿತ್ತು. ನಮ್ಮಲ್ಲಿ ಟಿಫನ್ ಬಾಕ್ಸಿನ ಮೇಲೆ ಹೆಸರು ಕೆತ್ತಿಸುತ್ತೇವಲ್ಲ, ಹಾಗೆ. ಸಿರಿಗೂ ನಾವು ಹೊಸ ಪೆಟ್ಟಿಗೆ ಕೊಡಿಸಿದ್ದೆವು. ಟೀಚರ್ ಬಂದವರೇ ಆ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಬೀರುವಿನಿಂದ ಒಂದು ಹಳೇ ತಗಡಿನ ಡಬ್ಬಿ ತಂದು ಸಿರಿಯ ಮುಂದೆ ಸುರಿದರು. ಕ್ರೇಯಾನ್ ತುಂಡುಗಳು. ಹೆಬ್ಬೆರಳಿನ ಉಗುರಿನಷ್ಟು ಉದ್ದದವು. ಅರ್ಧ ಹರಿದ ಚೀಟಿಗಳಲ್ಲಿ ಬೇರೆ ಮಕ್ಕಳ ಹೆಸರು.

ಎಲ್ಲರ ಮಕ್ಕಳಿಗೂ ಹೊಸದು, ನಮ್ಮ ಮಗುವಿಗೆ ಯಾರೋ ಬಳಸಿ ಬಿಟ್ಟ ಚೂರು. ಕರಿ ಮಗು, ಪರದೇಶದ ಮಗು ಎಂದಲ್ಲವೇ? ಹಿಂದೆ ಬೇರೆಯವರ ಹೊಲದಲ್ಲಿ ಕೂಲಿ ಮಾಡುವಾಗ ನನಗೆ ತೆಂಗಿನ ಚಿಪ್ಪಿನಲ್ಲಿ ಕಾಫಿ ಕೊಟ್ಟಿದ್ದಾರೆ. ಚೂರು ಕೊಡುವುದೆಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಂಚುಗಳ ನಡುವೆ ನಡೆದುಕೊಂಡು ಹೋದೆ. ತುಂಡುಗಳನ್ನೆಲ್ಲ ಬಾಚಿ ಸೆರಗಿಗೆ ಹಾಕಿಕೊಂಡು, ಹೊಸ ಪೆಟ್ಟಿಗೆಯನ್ನು ಸಿರಿಯ ಮುಂದೆ ಸದ್ದಾಗುವ ಹಾಗೆ ಇಟ್ಟೆ.

"ಇದ್ರಲ್ ಹಚ್ಚು ಮಗ. ಯಾರ ಎಂಜಲೂ ನಮಗೆ ಬೇಕಾಗಿಲ್ಲ."

ಇಡೀ ಕ್ಲಾಸು ತಿರುಗಿ ನೋಡಿತು. ಸವಿತ ಗೋಡೆಯೊಳಗೆ ಸೇರಿಕೊಳ್ಳುವಂತೆ ನಿಂತಿದ್ದಳು. ಹಯಾಶಿ ಟೀಚರ್ ಕೋಪ ಮಾಡಿಕೊಳ್ಳಲಿಲ್ಲ. ಬಗ್ಗಿದರು. ನಾನು ಬಗ್ಗಲಿಲ್ಲ. ತುಂಡುಗಳನ್ನು ಸೆರಗಿನಲ್ಲೇ ಕಟ್ಟಿಕೊಂಡು ಮನೆಗೆ ಬಂದೆ.

ಮೀನು

ಮೇ ತಿಂಗಳಲ್ಲಿ ಅವರು ಮಕ್ಕಳಿಗೋಸ್ಕರ ಮನೆಯ ಮೇಲೆ ಬಟ್ಟೆಯ ಮೀನುಗಳನ್ನು ಹಾರಿಸುತ್ತಾರೆ. ನೀರಿಲ್ಲದ ಕಡೆ ಮೀನು ಈಜುವುದನ್ನು ನಾನು ನೋಡಿದ್ದು ಅಲ್ಲೇ. ಅಂಥ ಮೀನಿನ ಚಿತ್ರಕ್ಕೆ ಮನೆಯಲ್ಲಿ ಬಣ್ಣ ಹಚ್ಚಿಕೊಂಡು ಬರಲು ಹೇಳಿದ್ದರು. ಸಿರಿ ಬಾಲಕ್ಕೆ ನಾಲ್ಕು ಗೀಚು ಗೀಚಿ, ಕೈ ನೋವು ಎಂದು ಎದ್ದು ಹೋದಳು.

ಮೊದಲೇ ಒಂದು ಜಗಳ ಮಾಡಿ ಬಂದಿದ್ದೇನೆ, ಇನ್ನು ನಮ್ಮ ಮಗು ಕಡಿಮೆ ಎಂದು ಅವರಿಗೆ ಅನ್ನಿಸಬಾರದು. ನಾನೇ ಬಣ್ಣ ಹಚ್ಚಲು ಕೂತೆ. ಮೀನಿನ ಮೈಮೇಲಿನ ಒಂದೊಂದು ಹುರುಪೆಗೂ ಒಂದೊಂದು ಬಣ್ಣ, ಅಂಚಿಗೆ ಕಡುನೀಲಿ. ಧನುರ್ಮಾಸದಲ್ಲಿ ಬಾಗಿಲಿಗೆ ರಂಗೋಲಿ ತುಂಬಿದ ಕೈ ಇದು. ಒಂದು ಗೆರೆ ದಾಟಲಿಲ್ಲ. ಲೋಕೇಶ ನೋಡಿ, "ಅಮ್ಮ, ಇದು ಆರು ವರ್ಷದ ಮಗು ಮಾಡಿದ್ದು ಅಂತ ಯಾರ್ ನಂಬ್ತಾರೆ?" ಎಂದ.

"ತುಮಕೂರಲ್ಲಿ ನಂಬ್ತಾರೆ," ಎಂದೆ.

ಮಾರನೇ ದಿನ ಸಂಜೆ ಟೀಚರ್ ನಮ್ಮನ್ನು ಕರೆಸಿದರು. ಲೋಕೇಶನಿಗೆ ಫ್ಯಾಕ್ಟರಿಯ ಕ್ಲಾಸಿನಲ್ಲಿ ಅವರ ಮಾತು ಅಷ್ಟಿಷ್ಟು ಕಲಿಸಿದ್ದರು. ಕ್ಲಾಸಿನೊಳಗೆ ಹೋದರೆ ಗೋಡೆಯ ತುಂಬ ಮೀನು. ಒಂದಕ್ಕೆ ಕಣ್ಣೇ ಇಲ್ಲ, ಒಂದರ ಬಣ್ಣ ಹೊಟ್ಟೆಯಿಂದ ಹೊರಗೆ ಹರಿದಿತ್ತು, ಒಂದು ಪೂರ್ತಿ ಕಪ್ಪು. ನಮ್ಮ ಶಾಲೆಯಲ್ಲಾದರೆ ಯಾವುದಕ್ಕೂ ಸ್ಟಾರ್ ಇಲ್ಲ. ನಡುವೆ ನನ್ನ ಮೀನು, ಕಲ್ಯಾಣಮಂಟಪದ ಬಾಗಿಲಿನಂತೆ. ಅದರ ಕೆಳಗೆ ಚೀಟಿ.

"ಏನಂತ ಬರ್ದವ್ರೆ?"

ಲೋಕೇಶ ಹಲ್ಲು ಕಚ್ಚಿಕೊಂಡು ನಗು ತಡೆಯುತ್ತಿದ್ದ. "ಸಿರಿಯ ಅಜ್ಜಿ ಅಂತ."

ನನಗೆ ನಗು ಬರಲಿಲ್ಲ. "ಆಡ್ಕೊತಾ ಇದ್ದಾರಾ ಕೇಳು."

ಅವನು ಕೇಳಿದ. ಟೀಚರ್ ಕೈ ಅಡ್ಡಡ್ಡ ಆಡಿಸಿದರು. "ಇಲ್ವಂತೆ. ಮಾಡಿದೋರ ಹೆಸರು ಹಾಕೋದು ಅಷ್ಟೇ ಅಂತೆ. ಚೆನ್ನಾಗೈತೆ ಅಂತ ಹಾಕವ್ರೆ. ಸಿರಿಗೆ ಬೇರೆ ಮೀನು ಕೊಟ್ಟವ್ರೆ."

ಸಿರಿಯನ್ನು ಕೂರಿಸಿ ಅವರು ಉದ್ದದ ಹೊಸ ಕ್ರೇಯಾನ್ ಕೊಟ್ಟರು. ಸಿರಿ ಮುಷ್ಟಿ ಕಟ್ಟಿ ಹಿಡಿದಳು, ಭುಜದಿಂದ ಗೀಚಿದಳು. ಆಮೇಲೆ ಟೀಚರ್ ನನ್ನ ಕಡೆ ತಿರುಗಿ ಕೈ ಚಾಚಿದರು. ನಾನು ಅವತ್ತು ಕಟ್ಟಿಕೊಂಡು ಹೋದ ತುಂಡು ಬೇಕು ಎಂದು ಅರ್ಥವಾಯಿತು. ಹೇಗೂ ವಾಪಸ್ ಮುಖಕ್ಕೆ ಎಸೆಯೋಣ ಎಂದು ತಂದಿದ್ದೆ. ಸೆರಗಿನ ಗಂಟು ಬಿಚ್ಚಿ ಒಂದನ್ನು ಕೊಟ್ಟೆ.

ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ. ಜಾಗವೇ ಇಲ್ಲ. ಸಿರಿ ಹಿಡಿದು ನೋಡಿದಳು, ಜಾರಿತು. ಮತ್ತೆ ಹಿಡಿದಳು. ಹೆಬ್ಬೆರಳು, ತೋರುಬೆರಳು ತಾವೇ ಮುಂದಕ್ಕೆ ಬಂದವು, ನಡುಬೆರಳು ಕೆಳಗೆ ಆನಿಸಿಕೊಂಡಿತು. ಯಾರೂ ಕೈ ಹಿಡಿದು ತೋರಿಸಲಿಲ್ಲ. ಉಪ್ಪು ಚಿಟಿಕೆ ಹಿಡಿಯುವ ಹಾಗೆ ಹಿಡಿದುಕೊಂಡು ಒಂದು ಹುರುಪೆ ತುಂಬಿದಳು. ಗೆರೆ ದಾಟಿತು. ಇನ್ನೊಂದು ತುಂಬಿದಳು.

"ಅವಳ ಕೈ ಬರವಣಿಗೆಗೆ ಇನ್ನೂ ತಯಾರಾಗಿಲ್ವಂತೆ ಅಮ್ಮ. ಇದನ್ನೇ ದಿನಾ ಅಷ್ಟಷ್ಟು ಮಾಡ್ಲಿ, ಅಕ್ಷರ ಆಮೇಲೆ ತಾನೇ ಬರುತ್ತೆ ಅಂತಾವ್ರೆ. ಅದಕ್ಕೇ ತುಂಡು ಕೊಟ್ಟಿದ್ದಂತೆ," ಎಂದ ಲೋಕೇಶ. "ಅವರ ಸ್ವಂತ ಮಗಳೂ ಅದೇ ಡಬ್ಬೀಲಿ ಕಲ್ತಿದ್ದಂತೆ."

"ಅವತ್ತೇ ಹೇಳ್ಬೇಕಿತ್ತು ಅಂತ ಹೇಳು," ಎಂದೆ. ಲೋಕೇಶ ಏನು ಹೇಳಿದನೋ, ಟೀಚರ್ ಬಗ್ಗಿದರು. ಈ ಸಲ ನಾನೂ ಬಗ್ಗಿದೆ. ಒಂದೇ ಸಲ.

ಮನೆಯೊಳಗೆ

ಆ ರಾತ್ರಿ ಸಿರಿಯ ಹೊಸ ಪೆಟ್ಟಿಗೆಯ ಕಡ್ಡಿಗಳನ್ನೆಲ್ಲ ಲಟಲಟ ಮುರಿದೆ. ಸವಿತ ಓಡಿಬಂದು, "ಅಯ್ಯೋ ಅತ್ತೆ, ಹೊಸದು!" ಎಂದಳು.

"ಹೊಸದು ಅಂತ ಪೂಜೆ ಮಾಡಕ್ ತಂದಿದ್ದಾ?"

ಅಷ್ಟಕ್ಕೆ ನಿಲ್ಲಿಸಲಿಲ್ಲ. ಮಾರನೇ ದಿನದಿಂದ ಸಿರಿಗೆ ತುತ್ತು ಕೊಡುವುದು ನಿಲ್ಲಿಸಿದೆ. ಅಂಗಿಯ ಗುಂಡಿ ಅವಳೇ ಹಾಕಿಕೊಳ್ಳಬೇಕು ಎಂದೆ. ಮನೆಯಲ್ಲಿ ರಂಪವಾಯಿತು. ಮುದ್ದೆ ಮುರಿದು ಸಾರಿಗೆ ಅದ್ದುವಷ್ಟರಲ್ಲಿ ಅರ್ಧ ನೆಲಕ್ಕೆ ಬೀಳುತ್ತಿತ್ತು. ಸಿರಿ ಅತ್ತಳು, ಸವಿತ ಮುಖ ಊದಿಸಿಕೊಂಡಳು, ಲೋಕೇಶ ಫ್ಯಾಕ್ಟರಿಯಿಂದ ತಡವಾಗಿ ಬರತೊಡಗಿದ.

"ಮಗು ಹಸ್ಕೊಂಡ್ ಮಲಗುತ್ತೆ ಅತ್ತೆ. ಒಂದೇ ಒಂದು ತುತ್ತು ಕೊಡ್ತೀನಿ."

"ನಾಳೆ ಪರೀಕ್ಷೇಲೂ ನೀನೇ ಹೋಗಿ ಕೂತ್ಕೊ. ಅವಳ ಬೆರಳು ಇರೋದು ಯಾಕೆ, ಉಂಗುರ ಹಾಕಕ್ಕಾ?"

ನಾನು ಅವಳ ಮೇಲೆ ರೇಗಿದೆ, ಆದರೆ ಸತ್ಯವಾಗಿ ಆ ಊಟದ ಹೊತ್ತು ನನಗೂ ಕಷ್ಟವೇ ಆಗುತ್ತಿತ್ತು. ಕೈ ತಾನಾಗಿ ತಟ್ಟೆಯ ಕಡೆ ಹೋಗುತ್ತಿತ್ತು. ಅದಕ್ಕೇ ಊಟದ ಹೊತ್ತಿಗೆ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದೆ.

ಮಂಗಳ ಕೊಟ್ಟ ಹುರಿಗಡಲೆಯನ್ನು ಒಂದೊಂದಾಗಿ ಹೆಕ್ಕಿ ಬಾಟಲಿಯ ಸಣ್ಣ ಬಾಯಿಗೆ ಹಾಕುವ ಆಟ ಸಿರಿಯೇ ಕಂಡುಹಿಡಿದಳು. ಹೊರಡುವ ಮುಂಚೆ ಒಂದು ದಿನ ಶಾಲೆಯಿಂದ ಬಂದು, ಬಟ್ಟೆ ಹಿಂಡಿದೆ ಎಂದಳು. "ನಾನೇ ಹಿಂಡ್ದೆ ಅಜ್ಜಿ. ಪಕ್ಕದವಳದ್ದೂ ನಾನೇ ಹಿಂಡ್ಕೊಟ್ಟೆ." ಹಯಾಶಿ ಟೀಚರ್ ಬೀಳ್ಕೊಡುವಾಗ ಸಿರಿಗೆ ಅವಳ ಗೀಚು ಮೀನನ್ನೂ, ನನಗೆ ನನ್ನ ಮೀನನ್ನೂ ಬೇರೆ ಬೇರೆ ಸುತ್ತಿ ಕೊಟ್ಟರು.

ಗುಬ್ಬಿ

ವಾಪಸ್ ಬಂದ ಮೇಲೆ ತೋಟ ನೋಡಲು ಗುಬ್ಬಿಗೆ ಹೋದೆ. ಅಲ್ಲಿ ನನ್ನ ತಂಗಿ ಗಂಗಮ್ಮ ಇದ್ದಾಳೆ. ಜಪಾನಿನಿಂದ ಏನು ತಂದೆ ಎಂದಳು. ಸಿರಿಯ ಮೀನು ತೋರಿಸಿದೆ.

"ಇದೇನಕ್ಕ, ಕೋಳಿ ಕೆದರಿದಂಗೆ! ನನ್ನ ಮೊಮ್ಮಗ ಎಲ್‌ಕೆಜಿ, ನೋಡು ಹೆಂಗ್ ಹಚ್ಚವ್ನೆ." ಒಂದು ಗಣಪತಿ ಚಿತ್ರ ತಂದಳು. ಬಲು ನೀಟು.

"ಇದರ ಕೆಳಗೆ ನಿನ್ನ ಸೊಸೆ ಹೆಸರು ಬರಿ ಕಣೇ, ಪಾಪ, ಕಷ್ಟಪಟ್ಟವ್ಳೆ," ಎಂದೆ.

ಅವತ್ತು ಗಂಗಮ್ಮ ಕಾಫಿಗೆ ಸಕ್ಕರೆ ಹಾಕಲಿಲ್ಲ.

ತುಮಕೂರು, ಶಾಲೆ

ಜೂನ್ ಕೊನೆ. ಹೆಡ್ ಮೇಡಂ ರೂಮಿನಲ್ಲಿ ಸಿರಿ, ನಾನು, ಸವಿತ. ನಾಲ್ಕು ಗೆರೆ ಪುಸ್ತಕ ತೆರೆದಿಟ್ಟು ಮೇಡಂ ಒಂದು ಹೊಸ ಪೆನ್ಸಿಲ್ಲು ಕೊಟ್ಟರು. ಉದ್ದದ್ದು, ಚೂಪಾಗಿ ಹೆರೆದದ್ದು. "ಬರಿ ಪುಟ್ಟ."

ಸಿರಿ ಪೆನ್ಸಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೂರು ತಿಂಗಳು ಬಣ್ಣ ಹಚ್ಚಿದಳು, ನೆಲ ಒರೆಸಿದಳು. ಪೆನ್ಸಿಲ್ಲು ಹಿಡಿದು ಒಂದು ಪುಟ ಕನ್ನಡವಾಗಲಿ ಇಂಗ್ಲಿಷಾಗಲಿ ಬರೆದಿಲ್ಲ.

ಅವಳು ಪೆನ್ಸಿಲ್ಲನ್ನು ಮೇಜಿನ ಅಂಚಿಗೆ ಇಟ್ಟು, ಎರಡೂ ಕೈಯಲ್ಲಿ ಒತ್ತಿ ಲಟಕ್ಕನೆ ಮುರಿದಳು.

"ಏಯ್! ಏನಿದು? ಹೊಸಾ ಪೆನ್ಸಿಲ್ಲು!" ಮೇಡಂ ಅರ್ಧ ಎದ್ದರು. ಸವಿತ ನನ್ನನ್ನೇ ದುರುಗುಟ್ಟಿ ನೋಡಿದಳು.

"ಉದ್ದ ಇದ್ರೆ ಮುಷ್ಟಿ ಆಗುತ್ತೆ ಮಿಸ್," ಎಂದಳು ಸಿರಿ. ಮೊನೆಯಿದ್ದ ತುಂಡನ್ನು ಚಿಟಿಕೆಯಲ್ಲಿ ಹಿಡಿದು ಬರೆಯಲು ಶುರು ಮಾಡಿದಳು. ಒಂದು ಸಾಲು, ಎರಡು, ಮೂರು. ಕೈ ನೋವು ಎನ್ನಲಿಲ್ಲ. ನಾಲ್ಕನೆಯದಕ್ಕೆ ನಾಲಿಗೆ ಹೊರಗೆ ಹಾಕಿಕೊಂಡು ಹೊರಟಳು.

ಮೇಡಂ ಬಗ್ಗಿ ನೋಡಿದರು. "ಅಕ್ಷರ ಗೆರೆ ದಾಟ್ತಾ ಇದೆ ಅಜ್ಜಿ."

"ದಾಟ್ಲಿ. ಪುಸ್ತಕ ಬುಡಿ, ಕೈ ನೋಡಿ."

ಅವರು ಕೈ ನೋಡಿದರು. ಆಮೇಲೆ ಗೋಡೆಯ ಕಡೆ ನೋಡಿ ಹೇಳಿದರು, "ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಟ್ರೇನಿಂಗಲ್ಲಿ ಇದನ್ನೇ ಕಲ್ತಿದ್ದು ನಾವು. ಗೋಡೆ ಮೇಲಿರೋದು ಯಾರ್ ಹಚ್ಚಿದ್ದು ಅಂತಾನೂ ಗೊತ್ತು. ಆದ್ರೆ ಬುಕ್ ನೀಟಾಗಿಲ್ಲ ಅಂದ್ರೆ ನೀವೇ ಬಂದು ಜಗಳ ಆಡ್ತೀರಲ್ಲ."

ಅದು ಸುಳ್ಳಲ್ಲ. "ಇನ್ಮೇಲೆ ನೀಟಾಗಿದ್ರೆ ಬಂದು ಜಗಳ ಆಡ್ತೀನಿ," ಎಂದೆ.

ಮೇಡಂಗೆ ನಗು ಬಂತು, ತಡೆದುಕೊಂಡರು. "ಒಂದನೇ ಕ್ಲಾಸಲ್ಲೇ ಕೂರ್ಲಿ. ದಸರಾ ತನಕ ನೋಡೋಣ."

"ನೀವೂ ನೋಡಿ, ನಾನೂ ನೋಡ್ತೀನಿ."

ಮುರಿದ ಪೆನ್ಸಿಲ್ಲಿನ ಮೊನೆಯಿಲ್ಲದ ಅರ್ಧ ಮೇಜಿನಿಂದ ಉರುಳಿ ನನ್ನ ಕಾಲ ಹತ್ತಿರ ಬಿದ್ದಿತ್ತು. ಎತ್ತಿಕೊಂಡು ಸೆರಗಿಗೆ ಗಂಟು ಹಾಕಿಕೊಂಡೆ. ಶಾಲೆಯ ಪೆನ್ಸಿಲ್ಲು, ವಾಪಸ್ ಕೊಡಬೇಕಿತ್ತು. ಕೊಡಲಿಲ್ಲ. ಮನೆಗೆ ತಂದು ಚಾಕುವಿನಲ್ಲಿ ಹೆರೆದು, ಇಷ್ಟನ್ನೂ ಅದರಲ್ಲೇ ಬರೆದಿದ್ದೇನೆ. ನನ್ನ ಅಕ್ಷರವೂ ಗೆರೆ ದಾಟಿದೆ. ಅಚ್ಚು ಹಾಕುವವರು ಅದನ್ನು ನೀಟು ಮಾಡಿಕೊಳ್ಳಲಿ.